ಸೈನಿಕರ ಬುತ್ತಿ ಉಂಡ ಚಳಿಗಾಲ

ಕಳೆದ ಆಗಸ್ಟಿನಲ್ಲಿ ಕಾರಿನ ವಿಮೆಯ ಕೆಲಸಕ್ಕೆ ಬಹರೈನಿನ ಜುಫೈರ್‌ಗೆ ಹೋಗಿದ್ದೆ. ಕೆಲಸ ಹತ್ತು ನಿಮಿಷದ್ದು, ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದು ಅರ್ಧ ಗಂಟೆ. ಕೊನೆಗೆ ಒಂದು ಹಿಂಬೀದಿಯಲ್ಲಿ ಜಾಗ ಸಿಕ್ಕಿ ಕೆಳಗಿಳಿದಾಗ ಕಾಫಿ ಬೀಜ ಹುರಿಯುವ ವಾಸನೆ ಬಂತು. ಎದುರಿನ ಕಟ್ಟಡದ ನೆಲಮಹಡಿಯಲ್ಲಿ ಹೊಸದಾಗಿ ಕಾಫಿ ಅಂಗಡಿ ಆಗಿತ್ತು. ಗಾಜಿನ ಬಾಗಿಲು ತೆರೆದಾಗಲೆಲ್ಲ ಘಮ ಬೀದಿಗೆ ಬರುತ್ತಿತ್ತು. ತಲೆಯೆತ್ತಿದೆ. ಅದು ವಾಲ್ಟರ್ ಇದ್ದ ಕಟ್ಟಡ. ಒಂಬತ್ತನೇ ಮಹಡಿಯ ಆ ಬಾಲ್ಕನಿಯಲ್ಲಿ ಈಗ ಯಾರದೋ ಮಕ್ಕಳ ಬಟ್ಟೆಗಳು ಒಣಗುತ್ತಿದ್ದವು. ಬೆವರಿಳಿಯುವ ಆ ಸೆಕೆಯಲ್ಲಿ ನಾನು ಅಲ್ಲೇ ನಿಂತೆ. ಆ ಬಾಲ್ಕನಿಯಲ್ಲಿ ಕಳೆದ ಒಂದು ಚಳಿಗಾಲ ಪೂರ್ತಿ ನೆನಪಾಯಿತು.

ಕೊರೊನಾ ಬಂದು ವಿಮಾನಗಳು ನಿಂತುಹೋಗಿದ್ದ ವರ್ಷದ ಚಳಿಗಾಲ ಅದು. ಆ ಜೂನ್‌ನಲ್ಲಿ ಮೈಸೂರಿನಲ್ಲಿ ಅಮ್ಮ ತೀರಿಕೊಂಡಳು. ನಾನು ಇಲ್ಲಿ ಮಾಹೂಝ್‌ನ ಫ್ಲ್ಯಾಟಿನಲ್ಲಿ, ಸೋಫಾದ ಮೇಲೆ ಕೂತು, ಅಣ್ಣ ಹಿಡಿದಿದ್ದ ಮೊಬೈಲಿನಲ್ಲಿ ಎಲ್ಲವನ್ನೂ ನೋಡಿದೆ. ನಡುವೆ ನೆಟ್‌ವರ್ಕ್ ಕಡಿದು ಚಿತ್ರ ನಿಂತುಬಿಟ್ಟಿತು. ಮತ್ತೆ ಬರುವಷ್ಟರಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದರು, ಅಂಗಳದಲ್ಲಿ ಅಕ್ಕಪಕ್ಕದವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹದಿಮೂರು ದಿನ ಕಳೆದ ಮೇಲೆ ನನ್ನ ಗಂಡ ರಘು ಹೋಟೆಲಿನಿಂದ ಸಿಹಿ ತಂದ. ಬಾಯಿಗಿಟ್ಟೆ. ಒದ್ದೆ ಹತ್ತಿ ಅಗಿದ ಹಾಗಿತ್ತು. ಅಂದಿನಿಂದ ಯಾವುದಕ್ಕೂ ರುಚಿಯಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಮೂಗಿಗೆ ವಾಸನೆಯೆಲ್ಲ ತಿಳಿಯುತ್ತಿತ್ತು. ನಾಲಿಗೆ ಮಾತ್ರ ಸುಮ್ಮನಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಡಾಕ್ಟರು, ರಕ್ತಪರೀಕ್ಷೆ, ಆಮೇಲೆ ಸಮಾಧಾನದ ಮಾತು. ಅದೊಂದೂ ಬೇಡವಾಗಿತ್ತು. ಕೈ ಅಂದಾಜಿನಲ್ಲಿ ಅಡುಗೆ ಮಾಡುತ್ತಿದ್ದೆ, ಬಡಿಸುತ್ತಿದ್ದೆ, ರಘುವಿನ ಜೊತೆ ಕೂತು ಎರಡು ತುತ್ತು ನುಂಗುತ್ತಿದ್ದೆ. ಡಿಸೆಂಬರಿನ ಹೊತ್ತಿಗೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ನಮ್ಮ ಕಟ್ಟಡದ ಕೆಳಗೆ ಹಮೀದಣ್ಣನ ಕೋಲ್ಡ್ ಸ್ಟೋರ್ ಇತ್ತು. ಇಲ್ಲಿ ದಿನಸಿ ಅಂಗಡಿಗೆ ಹಾಗೇ ಹೇಳುವುದು. ಅವರು ಉಳ್ಳಾಲದ ಕಡೆಯ ಬ್ಯಾರಿ, ಬಹರೈನಿಗೆ ಬಂದು ಮೂವತ್ತು ವರ್ಷ. ನನ್ನ ಜೊತೆ ಕನ್ನಡ ಮಾತಾಡುವುದೆಂದರೆ ಅವರಿಗೆ ಖುಷಿ.

"ಅಕ್ಕ, ನಿಮಗೊಂದು ಕೆಲಸ ಉಂಟು, ಮಾಡ್ತೀರಾ?" ಎಂದು ಒಂದು ಬೆಳಿಗ್ಗೆ ಕೇಳಿದರು. "ಜುಫೈರಲ್ಲಿ ನನ್ನದೊಬ್ಬ ಗಿರಾಕಿ. ಅಮೆರಿಕದವರು, ವಯಸ್ಸಾದವರು, ಒಬ್ಬರೇ ಇರುವುದು. ಪುಸ್ತಕ ಬರೀತಿದ್ದಾರೆ. ಅವರಿಗೆ ರುಚಿ ನೋಡ್ಲಿಕ್ಕೆ ಒಂದು ಜನ ಬೇಕಂತೆ."

"ರುಚಿ ನೋಡೋಕಾ?"

"ಹೌದು. ಅವರಿಗೆ ಈ ಕಾಯಿಲೆ ಬಂದು ಹೋಯ್ತಲ್ಲ, ಮೂಗು ನಾಲಿಗೆ ಎರಡೂ ಹೋಗಿದೆ. ಹಿಂದಿನ ಕಾಲದ ಯುದ್ಧದಲ್ಲಿ ಸೈನಿಕರು ಎಂತ ತಿಂತಿದ್ರು ಅಂತ ಬರೀಲಿಕ್ಕೆ. ಬರೇ ಬರೆದ್ರೆ ಸಾಕಾಗುದಿಲ್ವಂತೆ, ಮಾಡಿ ತಿಂದೇ ನೋಡ್ಬೇಕಂತೆ. ನೀವು ಓದಿದವರು, ಇಂಗ್ಲಿಷಲ್ಲಿ ಹೇಳ್ಲಿಕ್ಕೆ ನಿಮಗೆ ಆಗ್ತದೆ. ನನಗೆ ಚಪ್ಪೆ, ಖಾರ ಬಿಟ್ರೆ ಬೇರೆ ಗೊತ್ತಿಲ್ಲ."

ಆಗುವುದಿಲ್ಲ ಎನ್ನಬೇಕಿತ್ತು. ನಾಲಿಗೆ ಸತ್ತವಳು ರುಚಿ ನೋಡುವ ಕೆಲಸಕ್ಕೆ ಹೋಗುವುದೇ? ಆದರೆ ರಘು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಬರುವುದು ಸಂಜೆ. ಅಷ್ಟು ಹೊತ್ತೂ ಆ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಆ ಸೋಫಾ, ಆ ಮೊಬೈಲು. ಹೂಂ ಅಂದುಬಿಟ್ಟೆ.

ವಾಲ್ಟರ್‌ಗೆ ಆಗ ಎಪ್ಪತ್ತನಾಲ್ಕು. ನೌಕಾಪಡೆಗೆ ಆಹಾರ ಪೂರೈಸುವ ಕೆಲಸದಲ್ಲಿ ಊರೂರು ಸುತ್ತಿ, ಇಲ್ಲಿ ನಿವೃತ್ತರಾಗಿ, ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಅಮೆರಿಕದಲ್ಲಿ. ಎತ್ತರದ ಆಳು, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಮಾಸ್ಕ್ ಹಾಕಿಕೊಂಡು ಬಾಗಿಲು ತೆರೆದು, ನನ್ನನ್ನು ಬಾಲ್ಕನಿಗೇ ಕರೆದೊಯ್ದರು. ಕಿಟಕಿ ಬಾಗಿಲೆಲ್ಲ ತೆರೆದಿಟ್ಟು ಕೂರುವ ಕಾಲ ಅದು. ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು. ನಡುವೆ ತಟ್ಟೆಯಲ್ಲಿ ಒಂದು ಬಿಸ್ಕತ್ತು, ಸ್ನಾನಗೃಹದ ಟೈಲ್ಸಿನ ಚೂರಿನಂಥದ್ದು.

"ಮಿಸೆಸ್ ಸುಮಾ, ಇದನ್ನು ತಿಂದೇ ನಮ್ಮ ದೇಶದ ಸೈನಿಕರು ಅಂತರ್ಯುದ್ಧದಲ್ಲಿ ನಾಲ್ಕು ವರ್ಷ ತಮ್ಮತಮ್ಮಲ್ಲೇ ಹೊಡೆದಾಡಿದ್ದು," ಅಂದರು. "ಗೋಧಿಹಿಟ್ಟು, ನೀರು, ಸ್ವಲ್ಪ ಉಪ್ಪು. ಅಷ್ಟೇ. ಬಂದೂಕಿನ ಹಿಡಿಯಿಂದ ಒಡೆದು, ಬಿಸಿ ಕಾಫಿಯಲ್ಲಿ ಅದ್ದುತ್ತಿದ್ದರು. ಒಳಗಿದ್ದ ಹುಳುಗಳು ಮೇಲೆ ತೇಲುತ್ತಿದ್ದವು. ಅವನ್ನು ತೆಗೆದು ಚೆಲ್ಲಿ ಕುಡಿಯುತ್ತಿದ್ದರು."

ನಾನು ಒಂದು ಚೂರು ಒಡೆದು ದವಡೆಗೆ ಇಟ್ಟುಕೊಂಡೆ. ಎಂದಿನಂತೆ ಏನೂ ಇಲ್ಲ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಹಿಟ್ಟು, ನೀರು, ಉಪ್ಪು ಸೇರಿದರೆ ಹೇಗಿರಬೇಕೆಂದು ಅಂದಾಜು ಮಾಡಿ ಹೇಳತೊಡಗಿದೆ. ಇಂಗ್ಲಿಷಿನಲ್ಲಿ ಎರಡು ಮಾತಿಗೇ ಸರಕು ಮುಗಿಯಿತು. ಆಗ ಕನ್ನಡ ಬಂತು. "ಇದು ಸಪ್ಪೆ. ಆದರೆ ಬರೀ ಸಪ್ಪೆಯಲ್ಲ, ಕೊನೆಗೆ ಸ್ವಲ್ಪ ಒಗರು," ಅಂದೆ. ಒಗರು ಎಂದರೇನು ಎಂದು ಕೇಳಿದರು. ಬಾಳೆಕಾಯಿ ಹಸಿಯಾಗಿ ಕಚ್ಚಿದರೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ ಎಂದು ವಿವರಿಸಿದೆ. ಅವರು ತಮ್ಮ ಅಕ್ಷರಗಳಲ್ಲಿ ಆ ಶಬ್ದವನ್ನು ಬರೆದುಕೊಂಡು, ಕೆಳಗೆ ಗೆರೆ ಎಳೆದರು. ಮುಖದಲ್ಲಿ ಎಂಥ ಸಂತೋಷ! ನನಗೆ ನಾಚಿಕೆಯಾಯಿತು. ಆದರೂ ಮರುದಿನವೂ ಹೋದೆ.

ಹೀಗೆ ವಾರಕ್ಕೆ ಮೂರು ದಿನ. ಒಂದು ದಿನ ಜರ್ಮನರ ಬಟಾಣಿ ಹಿಟ್ಟಿನ ಗಂಜಿ, ಇನ್ನೊಂದು ದಿನ ತರಕಾರಿಯನ್ನು ಒಣಗಿಸಿ ಇಟ್ಟಿಗೆಯಂತೆ ಒತ್ತಿಟ್ಟ ಚೂರಿನ ಸಾರು. ಮತ್ತೊಂದು ದಿನ ಮುರಿದ ಬಿಸ್ಕತ್ತಿನ ಹುಡಿಯನ್ನು ಕೊಬ್ಬಿನಲ್ಲಿ ಹುರಿದದ್ದು. ಸಸ್ಯಾಹಾರಿಯಾದ ನನಗಾಗಿ ಅದನ್ನು ಬೆಣ್ಣೆಯಲ್ಲಿ ಮಾಡಿ, ಕ್ಷಮೆ ಕೇಳಿದರು. ಉಪ್ಪು ತುಂಬಿದ ದನದ ಮಾಂಸದ ದಿನ ಹಮೀದಣ್ಣನನ್ನು ಕರೆಸಿದೆವು. ಅವರೇ ತಂದುಕೊಟ್ಟ ಮಾಂಸವನ್ನು ವಾಲ್ಟರ್ ಮೂರು ವಾರ ಉಪ್ಪಿನಲ್ಲಿ ಹೂತಿಟ್ಟಿದ್ದರು. ಹಮೀದಣ್ಣ ಬಿಸ್ಮಿಲ್ಲಾ ಹೇಳಿ ಒಂದು ಚೂರು ಬಾಯಿಗಿಟ್ಟರು. ಕಣ್ಣು ಮುಚ್ಚಿತು, ಮೂಗು ಮೇಲೇರಿತು, ಕೈ ನೀರಿನ ಲೋಟ ಹುಡುಕಿತು.

"ಹೇಗಿದೆ?" ಎಂದು ವಾಲ್ಟರ್ ಕೇಳಿದರು.

"ಅಕ್ಕ, ಇವರಿಗೆ ಹೇಳಿ," ಅಂದರು ಹಮೀದಣ್ಣ. "ಒಣಮೀನಿನ ಗೋಣಿ ಉಂಟಲ್ಲ, ಅದರ ತಳ ನೆಕ್ಕಿದ ಹಾಗೆ ಆಗ್ತದೆ. ಇದನ್ನು ತಿಂದು ಯುದ್ಧ ಮಾಡಿದ್ರಲ್ಲ, ಪಾಪ. ಸಿಟ್ಟು ಬರುದು ಖಂಡಿತ."

ನಾನು ಅನುವಾದ ಮಾಡಿದೆ. ವಾಲ್ಟರ್ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಮುಂದಿನ ಸೋಮವಾರ ಹೋದಾಗ ಮತ್ತೆ ಬಿಸ್ಕತ್ತು ಮಾಡಿಟ್ಟಿದ್ದರು. "ಹೊಸ ಅಳತೆ. ಹೇಗಿದೆ ನೋಡಿ," ಅಂದರು. ಅಗಿದೆ. "ಉಪ್ಪು ಮೊದಲಿನದಕ್ಕಿಂತ ಹದವಾಗಿದೆ," ಅಂದೆ.

ಅವರು ಪೆನ್ನು ಎತ್ತಲಿಲ್ಲ. ಎದ್ದು ಹೋಗಿ ಎರಡು ಲೋಟ ಚಹಾ ತಂದರು.

"ಇವತ್ತು ಉಪ್ಪು ಹಾಕಿಲ್ಲ," ಅಂದರು. "ಒಂದು ಚಿಟಿಕೆಯೂ ಇಲ್ಲ. ಹೀಗೆ ಪರೀಕ್ಷೆ ಮಾಡಿದ್ದು ತಪ್ಪು, ಗೊತ್ತು. ಹಮೀದ್ ತಿಂದಾಗ ಅವರ ಮುಖ ನೋಡಿದೆ. ನಿಮ್ಮದು ಮೊದಲ ದಿನದಿಂದಲೂ ಒಂದೇ ಥರ ಇರುತ್ತೆ. ನಿಮಗೂ ಕಾಯಿಲೆ ಬಂದಿತ್ತಾ?"

ನನ್ನ ಕಿವಿ ಬಿಸಿಯಾಯಿತು. ಎದ್ದು ಹೊರಟುಹೋಗಬೇಕು ಅನಿಸಿತು. ಅವರ ನೋಟ್‌ಬುಕ್ಕಿನ ನಲವತ್ತು ಪುಟ ನನ್ನ ಸುಳ್ಳಿನಿಂದ ತುಂಬಿತ್ತು. ಆದರೆ ಏಳಲಾಗಲಿಲ್ಲ. ಚಹಾದ ಲೋಟ ಹಿಡಿದುಕೊಂಡೇ ಹೇಳಿದೆ. ಅಮ್ಮನ ವಿಷಯ, ಕಡಿದುಹೋದ ಚಿತ್ರ, ಅಂಗಳದ ಚಪ್ಪಲಿ, ಒದ್ದೆ ಹತ್ತಿ. ರಘುವಿಗೂ ಹೇಳದಿದ್ದನ್ನು ಆ ಪರಕೀಯ ಮುದುಕರ ಮುಂದೆ, ಪರಭಾಷೆಯಲ್ಲಿ ಹೇಳಿದೆ. "ನಿಮ್ಮ ಪುಸ್ತಕ ಹಾಳುಮಾಡಿದೆ, ಕ್ಷಮಿಸಿ," ಅಂದೆ.

ಅವರು ಒಳಗೆ ಹೋಗಿ ಒಂದು ಕಡತ ತಂದರು. ಅದರಲ್ಲಿ ಹಳೆಯ ಪತ್ರಗಳ ನಕಲುಗಳಿದ್ದವು. ಅವರ ಮುತ್ತಜ್ಜ ಅಮೆರಿಕದ ಆ ಅಂತರ್ಯುದ್ಧದಲ್ಲಿ ಸೈನಿಕ. ಅವನ ತಮ್ಮನೂ ಅದೇ ದಳದಲ್ಲಿದ್ದನಂತೆ. ಮುತ್ತಜ್ಜ ಹೊಟ್ಟೆಬಾಕ. ಪ್ರತಿ ಪತ್ರದಲ್ಲೂ ತಿಂದದ್ದರ ವರದಿ ಬರೆಯುತ್ತಿದ್ದ: ಬಿಸ್ಕತ್ತು ಗಟ್ಟಿ, ಮಾಂಸ ಕೊಳೆತಿದೆ, ಇವತ್ತು ಯಾರದೋ ತೋಟದ ಜೋಳ ಸಿಕ್ಕಿತು, ಸುಟ್ಟು ತಿಂದೆವು. ಒಂದು ಕಾಳಗದಲ್ಲಿ ತಮ್ಮ ಸತ್ತ. ಆಮೇಲೆ ಆರು ಪತ್ರಗಳಿವೆ. ಮಳೆ ಇದೆ, ನಡಿಗೆ ಇದೆ, ಬೂಟು ಹರಿದದ್ದಿದೆ. ಊಟದ ಒಂದು ಮಾತಿಲ್ಲ.

"ಈ ಪುಸ್ತಕ ಶುರುವಾದದ್ದೇ ಈ ಆರು ಪತ್ರಗಳಿಂದ," ಅಂದರು. "ಆ ದಿನಗಳಲ್ಲಿ ಅವನು ಏನು ತಿಂದ ಅಂತ ನನಗೆ ಗೊತ್ತು, ರೇಷನ್ ಪಟ್ಟಿ ಇದೆ. ಹೇಗಿತ್ತು ಅಂತ ಗೊತ್ತಿರಲಿಲ್ಲ. ನೀವು ನಾಳೆಯೂ ಬನ್ನಿ. ನಿಜವಾಗಿ ತಿಳಿದದ್ದನ್ನಷ್ಟೇ ಹೇಳಿ. ಏನೂ ತಿಳಿಯದಿದ್ದರೆ ಏನೂ ಇಲ್ಲ ಅನ್ನಿ. ಅದೂ ನನಗೆ ಬೇಕು."

ಮುಂದಿನ ಎರಡು ವಾರ ನೋಟ್‌ಬುಕ್ಕಿನಲ್ಲಿ ದಿನವೂ ಅದೇ ಒಂದು ಸಾಲು: ಏನೂ ಇಲ್ಲ. ಬೆಳಗಿನ ಬಿಸಿಲಿನಲ್ಲಿ ನಾವಿಬ್ಬರೂ ಎದುರುಬದುರು ಕೂತು ಅಗಿಯುತ್ತಿದ್ದೆವು. ಅವರು ತಮ್ಮ ನಾಲಿಗೆಗೆ ಒಮ್ಮೆ, ನಾನು ನನ್ನದಕ್ಕೆ ಒಮ್ಮೆ ಅವಕಾಶ ಕೊಟ್ಟು, ಪರಸ್ಪರ ನೋಡಿ ತಲೆಯಾಡಿಸುತ್ತಿದ್ದೆವು. ಆ ಎರಡು ವಾರದಲ್ಲಿ ನನಗೆ ಎಷ್ಟು ಹಗುರಾಗಿತ್ತು ಎಂದು ಈಗ ಹೇಳಿದರೆ ಯಾರು ನಂಬುತ್ತಾರೆ? ಒಬ್ಬರ ಎದುರಾದರೂ ರುಚಿಯಿದೆ ಎಂದು ನಟಿಸಬೇಕಿರಲಿಲ್ಲ.

ಜನವರಿಯಲ್ಲಿ ಮಳೆ ಬಂತು. ಬಹರೈನಿನಲ್ಲಿ ವರ್ಷಕ್ಕೆ ಬರುವ ನಾಲ್ಕು ಮಳೆಯಲ್ಲಿ ಅದೊಂದು. ಚರಂಡಿಯಿಲ್ಲದ ರಸ್ತೆಗಳಲ್ಲಿ ನೀರು ನಿಂತು, ಮಾಹೂಝ್‌ನಿಂದ ಜುಫೈರ್‌ಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆ ಹಿಡಿಯಿತು. ಸೀರೆಯ ಅಂಚು ಒದ್ದೆಯಾಗಿತ್ತು. ವಾಲ್ಟರ್ ಬಾಲ್ಕನಿಯಲ್ಲಿ ಸಣ್ಣ ಇದ್ದಲ ಒಲೆ ಹಚ್ಚಿ, ಹಸಿರು ಕಾಫಿ ಬೀಜ ಇಟ್ಟುಕೊಂಡು ಕೂತಿದ್ದರು.

"ಕ್ರಿಮಿಯಾ ಯುದ್ಧ," ಅಂದರು. "ಇಂಗ್ಲಿಷ್ ಸೈನಿಕರಿಗೆ ಸರ್ಕಾರ ಕಾಫಿ ಕಳಿಸಿತು, ಹುರಿಯದೆ, ಹೀಗೇ. ಹಿಮ ಬೀಳುತ್ತಿತ್ತು, ಉರಿಸಲು ಕಟ್ಟಿಗೆ ಇಲ್ಲ. ನೆಲ ಅಗೆದು ಬೇರು ಕಿತ್ತು ತಂದು, ಡಬ್ಬಿಯ ಮುಚ್ಚಳದಲ್ಲಿ ಹುರಿದರು. ಫಿರಂಗಿ ಗುಂಡಿನಿಂದ ಜಜ್ಜಿದರು."

ಫಿರಂಗಿ ಗುಂಡಿಗೆ ಬದಲು ಅವರು ಸಮುದ್ರದ ದಡದಿಂದ ಒಂದು ಗುಂಡುಕಲ್ಲು ತಂದಿದ್ದರು. ನಾನು ಬಿಸ್ಕತ್ತು ಡಬ್ಬಿಯ ಮುಚ್ಚಳ ಇಕ್ಕಳದಲ್ಲಿ ಹಿಡಿದು, ಬೀಜ ಹಾಕಿ ಆಡಿಸತೊಡಗಿದೆ. ಹಸಿರು ಹಳದಿಯಾಯಿತು, ಹಳದಿ ಕಂದಾಯಿತು. ಹಸಿ ಹುಲ್ಲಿನ ವಾಸನೆ ಹೋಗಿ ಘಮ ಏಳತೊಡಗಿತು. ಅಮ್ಮ ಕೊನೆಯವರೆಗೂ ಅಂಗಡಿಯ ಪುಡಿ ತಂದವಳಲ್ಲ. ಶನಿವಾರ ಮಧ್ಯಾಹ್ನ ಕಬ್ಬಿಣದ ಬಾಣಲೆಯಲ್ಲಿ ತಾನೇ ಹುರಿಯುತ್ತಿದ್ದಳು. ಮೊದಲ ಚಟಪಟ ಕೇಳಿದ್ದೇ, "ಸಾಕು, ಇಳಿಸು," ಎನ್ನುತ್ತಿದ್ದಳು. ಒಂದು ಕ್ಷಣ ತಡವಾದರೂ ಬೈಗುಳ. ಮುಚ್ಚಳದಲ್ಲಿ ಚಟಪಟ ಶುರುವಾಯಿತು. ನನ್ನ ಕೈ ತಾನಾಗಿ ಹಿಂದೆ ಬಂತು.

"ಇನ್ನೂ ಇರಲಿ," ಅಂದರು ವಾಲ್ಟರ್. "ಅವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲಿಲ್ಲ."

"ನನಗೆ ಗೊತ್ತು," ಅಂದೆ.

"ನಿಮಗೆ ಗೊತ್ತು. ಅವರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ."

ಹಿಡಿದೇ ಇದ್ದೆ. ಬೀಜ ಕಪ್ಪಾಯಿತು. ಹೊಗೆ ಎದ್ದು ಕಣ್ಣಿಗೆ ಹೋಯಿತು. ಕೆಳಗಿಳಿಸಿ ಕಲ್ಲಿನಿಂದ ಜಜ್ಜಿ, ಕುದಿನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ತಗಡಿನ ಲೋಟದಲ್ಲಿ ಒಂದು ಗುಟುಕು ಕುಡಿದೆ.

ಮೊದಲು ಬಿಸಿ ಮಾತ್ರ. ಆಮೇಲೆ ನಾಲಿಗೆಯ ಹಿಂಭಾಗದಲ್ಲಿ, ಗಂಟಲ ಹತ್ತಿರ, ಏನೋ ಚುಚ್ಚಿತು. ಕಹಿ. ಬರೀ ಕಹಿಯಲ್ಲ, ಸುಟ್ಟದ್ದರ ಕಹಿ. ಇನ್ನೊಂದು ಗುಟುಕು ಕುಡಿದೆ. ಇತ್ತು. ಮೂರನೆಯದಕ್ಕೂ ಇತ್ತು.

"ಕರಕು," ಅಂದೆ. ಅವರು ಅರ್ಥ ಕೇಳಿದರು. ನನ್ನಿಂದ ಹೇಳಲಾಗಲಿಲ್ಲ, ಅಳು ನುಗ್ಗಿ ಬಂದಿತ್ತು. ಏಳು ತಿಂಗಳಲ್ಲಿ ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ವಾಲ್ಟರ್ ಅರ್ಥ ಕೇಳುವುದನ್ನು ಬಿಟ್ಟು, ಶಬ್ದವನ್ನಷ್ಟೇ ಬರೆದುಕೊಂಡು, ಮಳೆ ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರೂ ಒಂದು ಗುಟುಕು ಕುಡಿದು ತಲೆಯಾಡಿಸಿದರು. ಅವರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿದದ್ದೇ ಅವರಿಗೆ ಸಾಕಾದಂತೆ ಕಂಡಿತು.

ಆ ಸಂಜೆ ಮನೆಯಲ್ಲಿ ಅನ್ನ, ಬೇಳೆಸಾರು ಮಾಡಿದೆ. ರಘು ಬಂದು ಕೂತ. ಒಂದು ತುತ್ತು ಬಾಯಿಗಿಟ್ಟು, "ಅಯ್ಯೋ, ಉಪ್ಪು ಕಮ್ಮಿಯಾಗಿದೆ," ಅಂದೆ.

ರಘು ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡಿದ. "ಏಳು ತಿಂಗಳಿಂದ ಕಮ್ಮಿಯೇ ಇತ್ತು, ಸುಮಾ," ಅಂದ. "ಒಂದೊಂದು ದಿನ ಇರುತ್ತಲೇ ಇರಲಿಲ್ಲ. ಒಂದೊಂದು ದಿನ ಎರಡು ಸಲ ಬಿದ್ದಿರುತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀನೂ ಹೇಳಲಿಲ್ಲವಲ್ಲ," ಅಂದು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಅವತ್ತು ಇಬ್ಬರೂ ಎರಡೆರಡು ಸಲ ಅನ್ನ ಬಡಿಸಿಕೊಂಡೆವು.

ಫೆಬ್ರವರಿ, ಮಾರ್ಚ್ ಓಡಿಹೋದವು. ನನ್ನ ನಾಲಿಗೆ ಒಂದೊಂದಾಗಿ ಎಲ್ಲವನ್ನೂ ವಾಪಸು ತಂದುಕೊಂಡಿತು. ಹಿಂದೆ ಸುಳ್ಳು ಹೇಳಿದ್ದ ನಲವತ್ತು ಪುಟದ ತಿನಿಸುಗಳನ್ನೆಲ್ಲ ಮತ್ತೆ ಮಾಡಿ, ಮತ್ತೆ ತಿಂದು, ಮತ್ತೆ ಬರೆಸಿದೆ. ಮೊದಲ ಬಿಸ್ಕತ್ತಿನಲ್ಲಿ ಒಗರು ಇರಲೇ ಇಲ್ಲ. ವಾಲ್ಟರ್ ಆ ಶಬ್ದ ಹೊಡೆದುಹಾಕಲು ಒಪ್ಪಲಿಲ್ಲ, ಬೇರೆ ಯಾವುದಕ್ಕಾದರೂ ಬೇಕಾಗುತ್ತದೆ ಎಂದು ಉಳಿಸಿಕೊಂಡರು. ಹಮೀದಣ್ಣ ಆ ದಾರಿಯಲ್ಲಿ ಬಂದಾಗ ಮೇಲೆ ಹತ್ತಿ, "ಇವತ್ತು ಯಾವ ಯುದ್ಧ?" ಎಂದು ಕೇಳಿ, ತಿನ್ನುವಂಥದ್ದಿದ್ದರೆ ಕೂರುತ್ತಿದ್ದರು, ಇಲ್ಲದಿದ್ದರೆ ಗಿರಾಕಿ ಕಾಯ್ತಿದ್ದಾರೆ ಎಂದು ಇಳಿದುಬಿಡುತ್ತಿದ್ದರು.

ಏಪ್ರಿಲಿನಲ್ಲಿ ಮಗಳು ಎಲಿನೋರ್ ಬಂದು ವಾಲ್ಟರ್ ಅವರನ್ನು ಕರೆದುಕೊಂಡು ಹೋದಳು. ಎಡಗಾಲು ಪೂರಾ ಸೋತಿತ್ತು. ಒಬ್ಬರೇ ಇರುವ ಹಾಗಿರಲಿಲ್ಲ. ಹೊರಡುವ ದಿನ ಹಮೀದಣ್ಣ ಒಂದು ಡಬ್ಬಿ ಬಹರೈನಿ ಹಲ್ವ ತಂದುಕೊಟ್ಟರು. "ರುಚಿ ಗೊತ್ತಾಗದಿದ್ರೂ ತಿನ್ನಿ ಮಿಸ್ಟರ್, ಮೆತ್ತಗೆ ಉಂಟು," ಅಂದರು. ವಾಲ್ಟರ್ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಪುಸ್ತಕದಲ್ಲಿ ಇನ್ನೂ ಒಂದು ಅಧ್ಯಾಯ ಬಾಕಿ. ಬರೆದು ಕೇಳುತ್ತೇನೆ," ಅಂದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ನಿಂತಿದ್ದೆವು.

ಬರೆದರು ಕೂಡ. ಒಂದೂವರೆ ವರ್ಷದ ನಂತರ ಆ ಕಡೆಯಿಂದ ಉದ್ದನೆಯ ಇಮೇಲ್ ಬಂತು. ಕೊನೆಯ ಅಧ್ಯಾಯ ನಮ್ಮವರದ್ದು. ಇಂಗ್ಲಿಷರ ಸೈನ್ಯದಲ್ಲಿ ಹಡಗು ಹತ್ತಿ ದೂರದ ಯುದ್ಧಗಳಿಗೆ ಹೋದ ಹಿಂದೂಸ್ತಾನದ ಸಿಪಾಯಿಗಳದ್ದು. ಜಾತಿ ಕೆಡುತ್ತದೆ ಎಂದು ಹಡಗಿನ ಒಲೆಯಲ್ಲಿ ಬೇಯಿಸಿದ್ದನ್ನು ಮುಟ್ಟದವರು ಹುರಿಗಡಲೆ, ಅವಲಕ್ಕಿ, ಬೆಲ್ಲ ತಿಂದು ವಾರಗಟ್ಟಲೆ ದಿನ ದೂಡುತ್ತಿದ್ದರಂತೆ. ಬಟ್ಟೆಯ ಗಂಟಿನಲ್ಲಿ, ಸಮುದ್ರದ ಗಾಳಿಯಲ್ಲಿ ಹತ್ತು ದಿನ ಇಟ್ಟರೆ ಅದರ ರುಚಿ ಏನಾಗುತ್ತದೆ? ಮಿಸೆಸ್ ಸುಮಾ, ನಿಮ್ಮನ್ನು ಬಿಟ್ಟರೆ ಬೇರೆ ಯಾರನ್ನು ಕೇಳಲಿ?

ನಾನು ಉತ್ತರ ಬರೆಯಲಿಲ್ಲ. ಆಗಷ್ಟೇ ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು, ಬಿಡುವಿಲ್ಲ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ. ನಾನು ಕಾಲೇಜಿಗೆ ಧಾರವಾಡಕ್ಕೆ ಹೋಗುವಾಗ, ಮದುವೆಯಾಗಿ ಬೆಂಗಳೂರಿಗೆ ಹೋಗುವಾಗ, ಮೊದಲ ಸಲ ಬಹರೈನಿಗೆ ಹೊರಟಾಗ, ಅಮ್ಮ ಪ್ರತಿ ಸಲ ಕಟ್ಟಿಕೊಡುತ್ತಿದ್ದದ್ದು ಅದನ್ನೇ: ಅವಲಕ್ಕಿ, ಹುರಿಗಡಲೆ, ಬೆಲ್ಲ, ಒಣಕೊಬ್ಬರಿಯ ಸಣ್ಣ ಚೂರು. ಜಗತ್ತಿನ ಎಲ್ಲ ಯುದ್ಧಗಳ ಊಟ ತಿಂದವಳಿಗೆ ಅದೊಂದನ್ನು ಬಾಯಿಗಿಡುವ ಧೈರ್ಯ ಬಂದಿರಲಿಲ್ಲ. ನಾಳೆ ನೋಡೋಣ ಎಂದುಕೊಂಡೇ ವರ್ಷಗಳು ಹೋದವು. ಅವರೂ ಮತ್ತೆ ಕೇಳಲಿಲ್ಲ.

ಕಳೆದ ಆಗಸ್ಟಿನ ಆ ದಿನ ಜುಫೈರ್‌ನಿಂದ ನೇರ ಹಮೀದಣ್ಣನ ಅಂಗಡಿಗೆ ಬಂದೆ. ಗಟ್ಟಿ ಅವಲಕ್ಕಿ, ಹುರಿಗಡಲೆ, ಬೆಲ್ಲ, ಕೊಬ್ಬರಿ ತೆಗೆದುಕೊಂಡೆ. ಮನೆಯಲ್ಲಿ ಎಲ್ಲ ಕಲಸಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಬಾಲ್ಕನಿಯ ಕಂಬಿಗೆ ನೇತುಹಾಕಿದೆ. ಆಗಸ್ಟಿನಲ್ಲಿ ಇಲ್ಲಿನ ಗಾಳಿಯೇ ನೀರು, ಕನ್ನಡಕದ ಮೇಲೂ ಹನಿ ಕೂರುತ್ತದೆ. ದಿನಕ್ಕೊಂದು ಹಿಡಿ ತಿನ್ನುತ್ತ ಬಂದೆ. ಮೂರನೇ ದಿನ ರಘು ತಾನೂ ಒಂದು ಚಿಟಿಕೆ ತೆಗೆದುಕೊಂಡ.

ಹತ್ತನೇ ದಿನ ಕೂತು ವಾಲ್ಟರ್‌ಗೆ ಬರೆದೆ. ತಡಮಾಡಿದ್ದಕ್ಕೆ ಕ್ಷಮೆ ಕೇಳಿ, ಕಾರಣವನ್ನೂ ಹೇಳಿ, ಆಮೇಲೆ ರುಚಿಯ ವಿಷಯಕ್ಕೆ ಬಂದೆ. ಮೊದಲ ದಿನ ಇದು ಕಟ್ಟಿಕೊಟ್ಟವರ ಮನೆಯ ರುಚಿ, ಅಗಿದಷ್ಟೂ ಸಿಹಿ. ನಾಲ್ಕನೇ ದಿನಕ್ಕೆ ಅವಲಕ್ಕಿ ಮೆತ್ತಗಾಗಿ ನಾರಾಗುತ್ತದೆ, ಬೆಲ್ಲ ನೀರೊಡೆದು ಬಟ್ಟೆಗೆ ಅಂಟುತ್ತದೆ. ಆರನೇ ದಿನ ಮುಗ್ಗಲು ವಾಸನೆ, ಮುಚ್ಚಿಟ್ಟ ಪೆಟ್ಟಿಗೆಯದ್ದು. ಎಂಟನೇ ದಿನ ಕೊಬ್ಬರಿ ಕಮಟಾಗಿ ಗಂಟಲು ಕೆರೆಯುತ್ತದೆ. ಹತ್ತನೇ ದಿನ ಸಿಹಿ ಎಲ್ಲೂ ಇಲ್ಲ, ಬಟ್ಟೆಯ ರುಚಿಯೇ ಹೆಚ್ಚು. ಆದರೂ ಸಿಪಾಯಿ ಇದನ್ನು ಸಮುದ್ರಕ್ಕೆ ಎಸೆದಿರಲಾರ ಎಂದು ನನಗನಿಸುತ್ತದೆ. ಗಂಟು ಬಿಚ್ಚುವಾಗ ಅದನ್ನು ಕಟ್ಟಿದ ಕೈ ನೆನಪಾಗುತ್ತದೆ. ಬಾಯಿಗೆ ಏನೂ ಸಿಗದ ದಿನ ಅವನು ಅದಕ್ಕಾಗಿಯೇ ಬಿಚ್ಚಿದ್ದಿರಬೇಕು.

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಬರೆದವಳು ಎಲಿನೋರ್. ಅಪ್ಪ ಈಗ ಹಾಸಿಗೆಯಲ್ಲೇ, ಮಾತು ಬಹಳ ಕಡಿಮೆ, ಮಗಳಾದ ನನ್ನನ್ನೂ ಕೆಲವು ದಿನ ಗುರುತು ಹಿಡಿಯುವುದಿಲ್ಲ ಎಂದಿದ್ದಳು. ಪುಸ್ತಕ ಮುಗಿಯುವ ಹಾಗೆ ಕಾಣುವುದಿಲ್ಲ, ಆದರೂ ನಿಮ್ಮ ಪತ್ರವನ್ನು ಹತ್ತಿರ ಕೂತು ನಿಧಾನವಾಗಿ ಓದಿದೆ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ನಿದ್ದೆ ಬಂದಿರಬೇಕು ಅಂದುಕೊಂಡೆ ಎಂದಿದ್ದಳು.

ಕೊನೆಯ ಸಾಲು ಓದುವಷ್ಟರಲ್ಲಿ ನನಗೆ ಅಕ್ಷರ ಮಸುಕಾಗಿತ್ತು. "ಓದಿ ಮುಗಿಸಿದ ಮೇಲೆ ಅಪ್ಪ ಕಣ್ಣು ತೆರೆದು, 'ಹತ್ತನೇ ದಿನದವರೆಗೂ ತಿಂದಳಾ?' ಎಂದು ಕೇಳಿದರು. ಹೌದು, ಪೂರ್ತಿ ತಿಂದಿದ್ದಾರೆ ಎಂದು ಹೇಳಿದೆ."